ಎಂಬತ್ತೆಂಟನೇ ಪುಟ

ದೊಡ್ಡವಳು ಹಾಳೆ ಮಡಿಚುತ್ತಿದ್ದಳು. ಅಗಲವಾದ ಮುದ್ರಿತ ಹಾಳೆಯನ್ನು ಮೇಜಿನ ಮೇಲೆ ಹರಡುವುದು, ಮೂಲೆಗೆ ಮೂಲೆ ಕೂಡಿಸುವುದು, ಮಡಿಕೆಯ ಮೇಲೆ ಮೂಳೆಯ ಪಟ್ಟಿಯನ್ನು ಒಮ್ಮೆ ಎಳೆಯುವುದು, ತಿರುಗಿಸಿ ಮತ್ತೆ ಮಡಿಚುವುದು. ಒಂದು ಹಾಳೆಗೆ ಮೂರು ಮಡಿಕೆ, ಹದಿನಾರು ಪುಟ. ಬೈಂಡಿಂಗ್ ಅಂಗಡಿಯಲ್ಲಿ ಅದಕ್ಕೆ ಒಂದು ಫಾರಂ ಎನ್ನುತ್ತಾರೆ. ಎರಡು ದಿನದಲ್ಲಿ ಐದು ಫಾರಂ ಮುಗಿಸಿ ಅವಳು ಆರನೆಯದಕ್ಕೆ ಕೈ ಹಾಕಿದ್ದಳು. ಒಂದೊಂದೂ ಮುನ್ನೂರು ಪ್ರತಿ.

ಆಚೆ ಮೂಲೆಯಲ್ಲಿ ಅಪ್ಪ ರಟ್ಟಿಗೆ ಬಟ್ಟೆ ಅಂಟಿಸುತ್ತಿದ್ದ. ಇಬ್ಬರೂ ಹೀಗೆ ಗಂಟೆಗಟ್ಟಲೆ ಮಾತಿಲ್ಲದೆ ಇರಬಲ್ಲವರು. ಅಪ್ಪನದು ಸ್ವಭಾವ, ಅವಳದು ಸಂಕೋಚ. ಗಿರಾಕಿಗಳು ಬಂದರೆ ಅವಳು ಕಾಗದದ ರಾಶಿಯ ಹಿಂದಕ್ಕೆ ಸರಿದುಬಿಡುತ್ತಿದ್ದಳು. ಅಜ್ಜಿ ಅವಳನ್ನು ಕರೆಯುವುದೇ ‘ಇಲಿ’ ಎಂದು.

ಕೆಲಸ ಮುದ್ರಣಾಲಯದಿಂದ ಬಂದದ್ದು. ಹೊರದೇಶದ ದೊಡ್ಡ ವಿಶ್ವವಿದ್ಯಾಲಯಗಳಿಗೆ ಮಕ್ಕಳನ್ನು ತಯಾರು ಮಾಡುವ ತರಬೇತಿ ಕೇಂದ್ರವೊಂದು, ಈ ವರ್ಷ ಸೀಟು ಗಿಟ್ಟಿಸಿಕೊಂಡವರು ಅರ್ಜಿಯ ಜೊತೆ ಬರೆದು ಕಳಿಸಿದ್ದ ಪ್ರಬಂಧಗಳನ್ನೆಲ್ಲ ಸೇರಿಸಿ ಪುಸ್ತಕ ಮಾಡಿಸುತ್ತಿತ್ತು. ಮುಂದಿನ ವರ್ಷದ ಮಕ್ಕಳು ನೋಡಿ ಕಲಿಯಲಿ ಎಂದು. ಯಾವ ಪ್ರಬಂಧಕ್ಕೂ ಬರೆದವರ ಹೆಸರಿರಲಿಲ್ಲ. ‘ಒಬ್ಬ ವಿದ್ಯಾರ್ಥಿ’, ‘ಒಬ್ಬಳು ವಿದ್ಯಾರ್ಥಿನಿ’, ಅಷ್ಟೇ.

ಅವಳ ತಂಗಿ, ಚಿಕ್ಕವಳು, ಎರಡು ವರ್ಷ ಹೋದದ್ದೂ ಅದೇ ಕೇಂದ್ರಕ್ಕೆ. ಆ ಎರಡು ವರ್ಷ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಅಡುಗೆಮನೆಯ ಗೋಡೆಯ ಮೇಲೆ ಪದಗಳು, ಕನ್ನಡಿಯ ಮೇಲೆ ಗಣಿತದ ಸೂತ್ರಗಳು. ಪರೀಕ್ಷೆ ಎರಡು ಸಲ ಬರೆದಳು. ಮೊದಲ ಸಲದ ಅಂಕ ಸಾಲದೆಂದು ಮೂರು ದಿನ ಉಪವಾಸ ಬಿದ್ದಳು. ಬರೀ ಅಂಕ ನೋಡುವುದಿಲ್ಲವಂತೆ, ಊರಿಗೆ ಏನು ಮಾಡಿದೆ ಎಂದೂ ಕೇಳುತ್ತಾರಂತೆ ಎಂದು ಶನಿವಾರ ಬೀದಿಯ ಮಕ್ಕಳನ್ನು ಕೂಡಿಸಿಕೊಂಡು ಪಾಠ ಹೇಳಿದಳು. ಶಿಫಾರಸು ಪತ್ರಕ್ಕಾಗಿ ಭೌತಶಾಸ್ತ್ರದ ಮೇಷ್ಟರ ಮನೆಗೆ ಹನ್ನೊಂದು ಸಲ ಅಲೆದಳು. ಕತ್ತರಿಸಿ ಉಳಿದ ಕಾಗದದ ಚೂರುಗಳಿಂದ ಎರಡು ಸಾವಿರ ಪದದ ಚೀಟಿ ಮಾಡಿಕೊಟ್ಟವಳು ದೊಡ್ಡವಳು. ದಿನಾ ಸಂಜೆ ಚೀಟಿ ಹಿಡಿದು ಪ್ರಶ್ನೆ ಕೇಳಿದವಳೂ ಅವಳೇ. ಎರಡು ತಿಂಗಳ ಹಿಂದೆ ಸೀಟು ಸಿಕ್ಕಿತು. ಓದಿನ ಖರ್ಚು, ಹಾಸ್ಟೆಲು, ವಿಮಾನದ ಟಿಕೆಟ್ಟು, ಎಲ್ಲಕ್ಕೂ ವಿದ್ಯಾರ್ಥಿವೇತನ. ಆ ದಿನ ಅಮ್ಮ ಬೀದಿಯಲ್ಲೇ ನಿಂತು ಅತ್ತಿದ್ದಳು.

ದೊಡ್ಡವಳು ಆರನೇ ಫಾರಮಿನ ಹಾಳೆ ಹರಡಿದಳು. ಮಡಿಚದ ಹಾಳೆಯಲ್ಲಿ ಪುಟಗಳು ಕ್ರಮದಲ್ಲಿರುವುದಿಲ್ಲ. ಕೆಲವು ನೇರ, ಕೆಲವು ತಲೆಕೆಳಗು. ಎಂಬತ್ತನಾಲ್ಕನೇ ಪುಟ ನೇರವಾಗಿತ್ತು. ಪ್ರಬಂಧ ಇಂಗ್ಲಿಷಿನಲ್ಲಿತ್ತು. ‘ನನ್ನ ಇಂಗ್ಲಿಷ್ ಶುರುವಾದದ್ದು ರದ್ದಿಯಿಂದ’ ಎಂಬುದು ಮೊದಲ ಸಾಲು.

ಅವಳ ಕೈ ನಿಂತಿತು. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳಾದರೂ ಇಂಗ್ಲಿಷನ್ನು ನಿಧಾನವಾಗಿ ಓದಬಲ್ಲಳು. ‘ಮುದ್ರಣ ಕೆಟ್ಟ ಹಾಳೆಗಳನ್ನು ಅಕ್ಕ ಎತ್ತಿಟ್ಟು ನನಗೆ ಓದಿಸುತ್ತಿದ್ದಳು. ಕಥೆ ಅರ್ಧಕ್ಕೆ ನಿಂತರೆ ಉಳಿದದ್ದನ್ನು ನಾವಿಬ್ಬರೇ ಕಟ್ಟುತ್ತಿದ್ದೆವು. ದಾರಕ್ಕೆ ಮೇಣ ಉಜ್ಜುವಾಗ ಅವಳು ತುಟಿ ಅಲ್ಲಾಡಿಸದೆ ಹೊಸ ಪದಗಳನ್ನು ಬಾಯಿಪಾಠ ಮಾಡುತ್ತಿದ್ದಳು. ಯಾರೂ ನೋಡುತ್ತಿಲ್ಲ ಎಂದುಕೊಂಡಿದ್ದಳು. ನಾನು ನೋಡುತ್ತಿದ್ದೆ.’

ದೊಡ್ಡವಳ ಮುಖಕ್ಕೆ ರಕ್ತ ನುಗ್ಗಿತು. ಕಳ್ಳಿ! ಎಲ್ಲ ನೋಡಿಟ್ಟುಕೊಂಡಿದ್ದಾಳೆ! ನಗು ತಡೆಯಲಾಗದೆ ತುಟಿ ಕಚ್ಚಿಕೊಂಡಳು. ಮುಂದಿನದನ್ನು ಓದಲು ಹಾಳೆಯನ್ನು ಗಿರಕ್ಕನೆ ತಿರುಗಿಸಿದಳು. ಕಣ್ಣಿಗೆ ಬಿದ್ದದ್ದು ಎಂಬತ್ತೆಂಟನೇ ಪುಟ, ಪ್ರಬಂಧದ ಕೊನೆ.

‘ಅಕ್ಕ ಸತ್ತು ಈಗ ನಾಲ್ಕು ವರ್ಷ. ಅವಳು ಓದದೆ ಬಿಟ್ಟ ಪುಟಗಳನ್ನು ನಾನು ಓದಲು ಹೊರಟಿದ್ದೇನೆ.’

ಅವಳು ಆ ಸಾಲನ್ನು ಇನ್ನೊಮ್ಮೆ ಓದಿದಳು. ಬೆರಳಿಟ್ಟುಕೊಂಡು ಮೂರನೇ ಸಲ ಓದಿದಳು. ತಾನು ಹೇಗೆ ಸತ್ತೆ ಎಂದು ತಿಳಿಯಬೇಕಾದರೆ ಹಾಳೆಯ ಹಿಂಬದಿ ನೋಡಬೇಕಿತ್ತು. ಮಗುಚಿದಳು. ಎಂಬತ್ತಾರು, ಎಂಬತ್ತೇಳು. ಕಟಿಂಗ್ ಮೆಷಿನ್ನಿಗೆ ಅಕ್ಕನ ಎರಡು ಬೆರಳು ಸಿಕ್ಕಿದವು. ಗಾಯಕ್ಕೆ ಸೋಂಕು. ಒಂಬತ್ತು ದಿನ ಜ್ವರ. ಆಸ್ಪತ್ರೆಯ ಹದಿನಾರನೇ ಹಾಸಿಗೆ. ಕೊನೆಯ ದಿನ ಅಕ್ಕ ಕೇಳಿದ್ದು ಒಂದೇ: ‘ಹೊಸ ಪದ ಏನಾದರೂ ಹೇಳು.’

ಎಂಬತ್ತೆಂಟನೇ ಪುಟದ ಕೆಳಗೆ ದಪ್ಪಕ್ಷರದಲ್ಲಿ ಕೇಂದ್ರದವರ ಟಿಪ್ಪಣಿ ಇತ್ತು. ‘ಇದು ಯಾಕೆ ಗೆದ್ದಿತು? ಲೇಖಕಿ ಎಲ್ಲಿಯೂ ಅಳುವುದಿಲ್ಲ. ಸಾವನ್ನು ಕೊನೆಯವರೆಗೂ ಬಚ್ಚಿಟ್ಟಿದ್ದಾಳೆ.’

ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು. ಹತ್ತೂ ಇದ್ದವು. ಎರಡು ಬೆರಳು ಹೋದದ್ದು ಅಪ್ಪನ ಬಲಗೈಯದು, ಒಂಬತ್ತು ವರ್ಷದ ಹಿಂದೆ. ಹದಿನಾರನೇ ಹಾಸಿಗೆಯೂ ಅಪ್ಪನದೇ. ಅಲ್ಲಿ ಪಕ್ಕದಲ್ಲಿ ಕೂರಲೆಂದು ಶಾಲೆಗೆ ರಜೆ ಹಾಕಿದವಳು ಮತ್ತೆ ಹೋಗಿರಲಿಲ್ಲ.

“ಏನಾಯ್ತು? ಹಾಳೆ ಕೆಟ್ಟಿದ್ಯಾ?” ಎಂದ ಅಪ್ಪ, ತಲೆ ಎತ್ತದೆ.

“ಇಲ್ಲ.”

“ಮತ್ತೆ ಮಡಿಚು. ಸೋಮವಾರದೊಳಗೆ ಫಾರಂ ಎಲ್ಲ ಆಗ್ಬೇಕು.”

ಅವಳು ಮಡಿಚಿದಳು. ಅಂಥ ಹಾಳೆ ಇನ್ನೂ ಇನ್ನೂರ ತೊಂಬತ್ತೊಂಬತ್ತು ಇದ್ದವು.

ಸಂಜೆ ಅವಳು ಪಾತ್ರೆ ತೊಳೆಯುತ್ತಿದ್ದಾಗ ಚಿಕ್ಕವಳು ಬಂದಳು. ಬ್ಯಾಗು ಬಿಸಾಡಿ ಎಂದಿನಂತೆ ಬಟ್ಟೆ ತೆಗೆದುಕೊಂಡು ಒರೆಸಲು ನಿಂತಳು. ನಾಲ್ಕು ಲೋಟ ಒರೆಸಿಯಾಯಿತು.

“ನಾನು ಸತ್ತಾಗ ನೀನು ಅತ್ಯಾ?” ಎಂದಳು ದೊಡ್ಡವಳು.

ಚಿಕ್ಕವಳು ನಕ್ಕಳು. “ಏನೇ ಅದು, ಒಗಟಾ?”

“ಎಂಬತ್ತನಾಲ್ಕನೇ ಪುಟದಿಂದ ಎಂಬತ್ತೆಂಟನೇ ಪುಟ. ಬೈಂಡಿಂಗಿಗೆ ನಮ್ಮ ಅಂಗಡಿಗೇ ಬಂದಿದೆ.”

ಲೋಟ ಕೈಜಾರಲಿಲ್ಲ. ಚಿಕ್ಕವಳು ಅದನ್ನು ಒರೆಸುತ್ತಲೇ ಇದ್ದಳು, ಒಣಗಿದ ಮೇಲೂ ಒರೆಸುತ್ತಿದ್ದಳು.

“ಪುಸ್ತಕಕ್ಕೆ ಹಾಕ್ತಾರೆ ಅಂತ ಗೊತ್ತಿತ್ತು ಅಕ್ಕಾ. ಇಲ್ಲಿಗೆ ಬರತ್ತೆ ಅಂತ ಗೊತ್ತಿರಲಿಲ್ಲ.”

“ಇಲ್ಲಿಗೆ ಬರದಿದ್ರೆ ನಾನು ಸತ್ತಿದ್ದು ನನಗೆ ಗೊತ್ತೇ ಆಗ್ತಿರಲಿಲ್ಲ ಅಲ್ವಾ?”

“ಮೆಲ್ಲಗೆ ಮಾತಾಡು. ಕೇಂದ್ರದ ಮೇಡಂ ಹೇಳಿದ್ರು ಅಂತ ಮಾಡಿದ್ದು. ಅಕ್ಕ ಶಾಲೆ ಬಿಟ್ಟಳು ಅನ್ನೋದು ಸಾಲಲ್ವಂತೆ. ಸಾವಿರಾರು ಜನ ಅದನ್ನೇ ಬರೀತಾರಂತೆ. ಅಲ್ಲಿ ಕೂತು ಓದೋರಿಗೆ ಒಂದೊಂದಕ್ಕೆ ಎಂಟೇ ನಿಮಿಷವಂತೆ. ಎಂಟು ನಿಮಿಷದಲ್ಲಿ ಅವರ ಎದೆಗೆ ನಾಟಬೇಕು.”

“ಅದಕ್ಕೆ?”

“ಅದಕ್ಕೇ.”

ದೊಡ್ಡವಳು ಪಾತ್ರೆ ಉಜ್ಜುವ ನಾರನ್ನು ಹಿಂಡಿ ಇಟ್ಟಳು. “ಮೇಣ ಉಜ್ಜೋದು, ರದ್ದಿ ಹಾಳೆ, ಅದೂ ಮೇಡಂ ಹೇಳಿಕೊಟ್ಟಿದ್ದಾ?”

“ಅದೆಲ್ಲ ನಿಜ. ನಾನೇ ನೋಡಿದ್ದು.”

“ಇಷ್ಟು ವರ್ಷದಲ್ಲಿ ಅದನ್ನ ನನಗೆ ಒಂದು ದಿನ ಹೇಳಲಿಲ್ಲವಲ್ಲೇ.”

ಚಿಕ್ಕವಳು ಲೋಟವನ್ನು ಬೋರಲು ಹಾಕಿದಳು.

“ಅಮ್ಮನಿಗೆ ಗೊತ್ತಾದ್ರೆ ಏನಾಗತ್ತೆ ಯೋಚನೆ ಮಾಡಿದ್ದೀಯಾ?”

ಚಿಕ್ಕವಳು ಬಟ್ಟೆಯನ್ನು ಗೂಟಕ್ಕೆ ಸಿಕ್ಕಿಸಿದಳು. “ಅಮ್ಮನಿಗೆ ಗೊತ್ತು,” ಎಂದಳು.

ಅಮ್ಮ ಒಳಗೆ ತರಕಾರಿ ಹೆಚ್ಚುತ್ತಿದ್ದಳು. ಆಸ್ಪತ್ರೆಯಲ್ಲಿ ರೋಗಿಗಳ ಚೀಟಿ ಬರೆಯುವ ಕೆಲಸ ಅವಳದು. ಬೆಳಗಿನ ಪಾಳಿ ಮುಗಿಸಿ ಬಂದು ರಾತ್ರಿಯ ಅಡುಗೆಗೆ ಕೂತರೆ ಎದ್ದೇಳುತ್ತಿರಲಿಲ್ಲ. ದೊಡ್ಡವಳು ಒದ್ದೆ ಕೈಯಲ್ಲೇ ಬಂದು ಎದುರಿಗೆ ನಿಂತಳು. ಹೇಳಬೇಕಾಗಿಯೇ ಬರಲಿಲ್ಲ. ಮುಖ ನೋಡಿ ಅಮ್ಮನಿಗೆ ಗೊತ್ತಾಯಿತು.

“ಕೂತ್ಕೋ,” ಎಂದಳು.

“ನೀನು ಓದಿದ್ಯಾ ಅಮ್ಮಾ?”

“ಅವಳೇ ಓದಿ ಹೇಳಿದಳು. ಮೊದಲು ಎರಡೇ ದಿನಕ್ಕೆ ಸಾಯಿಸಿಬಿಟ್ಟಿದ್ದಳು. ಬೆರಳು ಹೋದ್ರೆ ಎರಡು ದಿನಕ್ಕೆ ಯಾರೂ ಸಾಯಲ್ಲ, ಯಾರಾದ್ರೂ ಡಾಕ್ಟರು ಓದಿದ್ರೆ ನಗ್ತಾರೆ ಅಂದೆ. ಸೋಂಕು ಅಂತ ಹಾಕು, ಒಂಬತ್ತು ದಿನ ಅಂತ ಬರಿ ಅಂದೆ.”

ದೊಡ್ಡವಳಿಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. “ನೀನು ದಿನ ಎಣಿಸಿ ಕೊಟ್ಯಾ?”

“ಮತ್ತೇನು ಮಾಡಲಿ? ಸಿಕ್ಕಿಬಿದ್ದು ಎಲ್ಲಾ ಹಾಳಾಗ್ಲಿ ಅಂತ ಬಿಡಲಾ?” ಅಮ್ಮನ ಚಾಕು ಹಲಗೆಯ ಮೇಲೆ ಟಕಟಕ ಎನ್ನುತ್ತಿತ್ತು. “ಕಾಗದದ ಮೇಲೆ ಸತ್ತರೆ ಯಾರಾದ್ರೂ ಸಾಯ್ತಾರಾ? ನೋಡು, ಎದುರಿಗೇ ನಿಂತಿದ್ದೀಯ. ಈರುಳ್ಳಿ ಸುಲಿ.”

ಅವಳು ಈರುಳ್ಳಿ ಸುಲಿದಳು. ಕಣ್ಣಲ್ಲಿ ನೀರು ಬಂದದ್ದಕ್ಕೆ ಯಾರೂ ಕಾರಣ ಕೇಳಲಿಲ್ಲ.

ಅಪ್ಪನಿಗೆ ಗೊತ್ತಿರಲಾರದು ಎಂದು ಅವಳು ನಂಬಿದ್ದಳು. ಮಾರನೆಯ ಬೆಳಿಗ್ಗೆ ಅಂಗಡಿಯಲ್ಲಿ ಅಂಟು ಕುದಿಸಿಟ್ಟು, ಬಹಳ ಹೊತ್ತು ಸುತ್ತಾಡಿ, ಕೊನೆಗೆ ಕೇಳಿದಳು.

“ಅಪ್ಪಾ, ಅವಳ ಅರ್ಜಿಗೆ ಸಹಿ ಹಾಕಿದ್ದು ನೀನೇ ಅಲ್ವಾ?”

“ಹೂಂ.”

“ಓದಿದ್ಯಾ?”

ಅಪ್ಪ ಕುಂಚವನ್ನು ಹಳೇ ಬಟ್ಟೆಗೆ ಒರೆಸಿದ. ಪುಟ ಎಣಿಸದೆ ಪುಸ್ತಕ ಒಪ್ಪಿಸದ ಮನುಷ್ಯ. ಹಾಲಿನವನ ಚೀಟಿಯನ್ನೂ ಎರಡು ಸಲ ಓದುತ್ತಿದ್ದ.

“ಓದದೆ ಸಹಿ ಹಾಕ್ತೀನಾ ನಾನು?” ಎಂದ.

“ಅದ್ರಲ್ಲಿ ಮಕ್ಕಳೆಷ್ಟು ಅಂತ ಕೇಳಿರ್ತಾರಲ್ವಾ?”

“ಕೇಳಿದ್ರು.”

“ಎಷ್ಟು ಅಂತ ಇತ್ತು?”

“ಒಂದು,” ಎಂದ ಅಪ್ಪ. ಕುಂಚ ಕೈಗೆತ್ತಿಕೊಂಡು, “ಅಂಟು ತಣ್ಣಗಾಗ್ತಿದೆ, ಬೇಗ ಕೊಡು,” ಎಂದ.

ಅವಳು ಡಬ್ಬಿ ಎತ್ತಿ ಕೊಟ್ಟಳು. ಅದು ಕೈ ಸುಡುತ್ತಿತ್ತು ಎಂದು ಗೊತ್ತಾದದ್ದು ಕೊಟ್ಟ ಮೇಲೆ.

ಉಳಿದದ್ದು ಅಜ್ಜಿ. ಅಜ್ಜಿಗೆ ನಿಜಕ್ಕೂ ಗೊತ್ತಿರಲಿಲ್ಲ. ಗೊತ್ತಾದದ್ದು ಭಾನುವಾರ ಮಧ್ಯಾಹ್ನ ಊಟದ ಹೊತ್ತಿನಲ್ಲಿ. ಮನೆಯಲ್ಲಿ ಹೂವಿನ ಅಂಚಿನ ಐದು ತಟ್ಟೆಗಳಿದ್ದವು, ಮನೆಯವರೂ ಐದೇ ಜನ. ಅನ್ನ ಬೇಳೆ ಬಡಿಸಿ ಅಮ್ಮ ಕೂರುವಷ್ಟರಲ್ಲಿ ಚಿಕ್ಕವಳೇ ಬಾಯಿಬಿಟ್ಟಳು.

“ಅಕ್ಕ ನನ್ನ ಜೊತೆ ಮಾತು ಬಿಟ್ಟು ಐದು ದಿನ ಆಯ್ತು. ಏನಾದ್ರೂ ಹೇಳು ಅಮ್ಮಾ ಅವಳಿಗೆ.”

“ಅವಳು ಯಾವತ್ತು ಮಾತಾಡಿದ್ದಾಳೆ, ಇವತ್ತು ಬಿಡೋಕೆ?” ಎಂದಳು ಅಜ್ಜಿ. “ಏನು ಜಗಳ?”

ಅಮ್ಮ ಸೌಟು ಕೈಗೆತ್ತಿಕೊಂಡಳು.

“ಸತ್ತವರು ಮಾತಾಡಲ್ಲ ಅಜ್ಜಿ,” ಎಂದಳು ದೊಡ್ಡವಳು.

ಆಮೇಲೆ ಒಂದೊಂದಾಗಿ ಎಲ್ಲ ಹೊರಗೆ ಬಂತು. ಅಜ್ಜಿ ಕಲಸಿದ ತುತ್ತನ್ನು ತಟ್ಟೆಗೇ ಬಿಟ್ಟಳು. ಅವಳ ಬಾಯಿ ತೆರೆದೇ ಇತ್ತು.

“ಬದುಕಿರೋ ಹುಡುಗಿನ ಕೊಂದು ಸೀಟು ತಗೊಂಡ್ರಾ? ಮೂರು ಜನ ಸೇರಿ? ಎಂಬತ್ತು ದಾಟಿದ ಮುದುಕಿ ಒಬ್ಬಳು ಮನೆಯಲ್ಲಿ ಬಿದ್ದಿದ್ದೀನಲ್ಲ, ಅಷ್ಟು ಬೇಕಿದ್ರೆ ನನ್ನನ್ನೇ ಸಾಯಿಸಬಹುದಿತ್ತಲ್ಲ!”

“ಅಜ್ಜಿ ಸತ್ತದ್ದು ನಡೆಯಲ್ವಂತೆ,” ಎಂದಳು ಚಿಕ್ಕವಳು, ತಟ್ಟೆ ನೋಡುತ್ತ. “ಮೇಡಂ ಮೊದಲನೇ ದಿನವೇ ಹೇಳಿದ್ರು. ಎಲ್ಲರೂ ಅಜ್ಜಿಯನ್ನೇ ಸಾಯಿಸ್ತಾರಂತೆ. ಓದಿ ಓದಿ ಅವರಿಗೆ ಬೇಜಾರಾಗಿದೆಯಂತೆ.”

“ಕೇಳಿದ್ಯೇನೋ?” ಅಜ್ಜಿ ಮಗನ ಕಡೆ ತಿರುಗಿದಳು. “ನನ್ನ ಸಾವಿಗೆ ಬೆಲೆಯೇ ಇಲ್ಲವಂತೆ.”

ಅಪ್ಪ ಅನ್ನ ಕಲಸುತ್ತಲೇ ಇದ್ದ. “ಅಮ್ಮಾ, ನಾನೂ ನನ್ನಪ್ಪನೂ ಸೇರಿ ಎಪ್ಪತ್ತು ವರ್ಷ ಬೇರೆಯವರ ಪುಸ್ತಕ ಹೊಲಿದ್ವಿ. ಈ ಮನೆಯಿಂದ ಒಬ್ಬಳು ಓದೋಕೆ ಹೋಗ್ತಿದ್ದಾಳೆ. ಅಷ್ಟೇ ನನಗೆ ಗೊತ್ತು.”

“ಇನ್ನೊಬ್ಬಳು?”

“ಅವಳು ಎಲ್ಲಿಗೂ ಹೋಗಲ್ಲ. ಇಲ್ಲೇ ಇರ್ತಾಳೆ.”

“ಇಲ್ಲೇ ಇರೋದಕ್ಕೇ ಸತ್ತಳು,” ಎಂದಳು ಅಜ್ಜಿ. ಆ ದಿನ ಅವಳು ಊಟ ಮಾಡಲಿಲ್ಲ. ಅವಳ ತಟ್ಟೆಯ ಅನ್ನವನ್ನು ಅಮ್ಮ ಮುಚ್ಚಿಟ್ಟು ಸಂಜೆ ತಾನೇ ತಿಂದಳು.

ಇನ್ನೊಂದು ವಾರ ಕಳೆಯಿತು. ಫಾರಂಗಳೆಲ್ಲ ಮಡಿಚಿ ಮುಗಿದು ದೊಡ್ಡವಳು ಹೊಲಿಯಲು ಕೂತಳು. ಸೂಜಿ ಪ್ರತಿಯೊಂದು ಫಾರಮಿನ ಬೆನ್ನಿನಿಂದ ಒಳಗೆ ಹೋಗಿ, ನಡುವಿನ ಪುಟಗಳಲ್ಲಿ ಹಾದು, ಹೊರಗೆ ಬರಬೇಕು. ಆರನೆಯದರ ನಡು ಬಿಚ್ಚಿದರೆ ಸಿಗುವುದು ಎಂಬತ್ತೆಂಟನೇ ಪುಟ ಮತ್ತು ಅದರ ಎದುರು ಪುಟ. ಪ್ರತಿ ಪುಸ್ತಕದಲ್ಲೂ ಅವಳ ದಾರ ಆ ಕೊನೆಯ ಸಾಲಿನ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಮೊದಲ ಹತ್ತು ಪುಸ್ತಕ ಆಗುವಷ್ಟರಲ್ಲಿ ಆ ಸಾಲು ಅವಳಿಗೆ ಬಾಯಿಗೆ ಬಂದಿತ್ತು.

ಆಗ ಪತ್ರ ಬಂತು. ಅದೇ ವಿಶ್ವವಿದ್ಯಾಲಯದಲ್ಲಿ ಹಿಂದೆ ಓದಿದ, ಈಗ ಇದೇ ಊರಿನಲ್ಲಿರುವ ಎಂಜಿನಿಯರ್ ಒಬ್ಬರು ಮುಂದಿನ ಭಾನುವಾರ ಮನೆಗೆ ಬರುತ್ತಾರೆ. ವಿದ್ಯಾರ್ಥಿವೇತನ ಪಡೆದವರ ಮನೆಯವರನ್ನು ಕಂಡು, ಒಂದು ಮಾತು ಬರೆದು ಕಳಿಸಿದರೆ ಎಲ್ಲ ಖಾಯಂ. ಚಿಕ್ಕವಳು ಪತ್ರವನ್ನು ಎರಡು ಸಲ ಓದಿ ಹೇಳಿದಳು.

ಎರಡು ದಿನ ಬಿಟ್ಟು ಕೇಂದ್ರದ ಮೇಡಂ ತಾವೇ ಬಂದರು, ಮನೆಯವರಿಗೆ ತಾಲೀಮು ಕೊಡಲು. ಚುರುಕು ಹೆಂಗಸು. ಅಂಗಡಿಯ ಬಾಗಿಲಿನಿಂದಲೇ ಒಳಗೆ ಬಂದವರು ಅಲ್ಲಿದ್ದ ರಾಶಿ ನೋಡಿ ಕೈ ತಟ್ಟಿದರು. “ಅರೆ, ನಮ್ಮ ಪುಸ್ತಕ ಇಲ್ಲೇ ತಯಾರಾಗ್ತಿದೆಯಾ? ಎಷ್ಟು ಒಳ್ಳೇದಾಯ್ತು!” ರಟ್ಟು ಹಾಕಿ ಮುಗಿದಿದ್ದ ಹತ್ತು ಪ್ರತಿಗಳನ್ನು ಆಗಲೇ ಚೀಲಕ್ಕೆ ಹಾಕಿಕೊಂಡರು. ಆಮೇಲೆ ಅಮ್ಮನ ಎರಡೂ ಕೈ ಹಿಡಿದು ದನಿ ತಗ್ಗಿಸಿದರು.

“ನಿಮ್ಮನ್ನ ನೋಡ್ಬೇಕು ಅಂತ ಬಹಳ ದಿನದಿಂದ ಅನ್ಕೊಂಡಿದ್ದೆ. ಅಂಥ ಮಗಳನ್ನ ಕಳ್ಕೊಂಡು ಹೇಗೆ ತಡ್ಕೊಂಡ್ರಿ? ಪ್ರಬಂಧ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ನನಗೂ ಇಬ್ಬರು ಹೆಣ್ಣುಮಕ್ಕಳು.”

ದೊಡ್ಡವಳ ಸೂಜಿ ಅರ್ಧಕ್ಕೆ ನಿಂತಿತು. ಮೇಡಂ ಕಣ್ಣಲ್ಲಿ ನೀರಿತ್ತು, ನಿಜವಾದ ನೀರು. ಅವರಿಗೆ ಗೊತ್ತೇ ಇರಲಿಲ್ಲ. ಅವರು ಯಾರಿಗೂ ಸಾಯಿಸು ಎಂದು ಹೇಳಿಕೊಟ್ಟಿರಲಿಲ್ಲ.

ಮೇಡಂ ಕಣ್ಣೊರೆಸಿಕೊಂಡು ರಾಶಿಯ ಹಿಂದೆ ಕೂತವಳ ಕಡೆ ನೋಡಿದರು. “ಇವರು?”

ಚಿಕ್ಕವಳು ಅಮ್ಮನ ಕಡೆ ನೋಡಿದಳು. ಅಪ್ಪ ಕಟಿಂಗ್ ಮೆಷಿನ್ನಿನ ಹಿಡಿಯನ್ನು ಒರೆಸತೊಡಗಿದ.

“ಅಂಗಡಿ ಕೆಲಸಕ್ಕೆ ಬರ್ತಾಳೆ,” ಎಂದಳು ಅಮ್ಮ. “ಒಳಗೆ ಬನ್ನಿ ಮೇಡಂ, ಚಹಾ ತಗೊಳ್ಳಿ.”

ಅವರು ಹೋದ ಮೇಲೆ ದೊಡ್ಡವಳು ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದ ಚಿಕ್ಕವಳ ಹತ್ತಿರ ಹೋದಳು.

“ಮೇಡಂ ಹೇಳಿದ್ರು ಅಂದ್ಯಲ್ಲ.”

“ಅಜ್ಜಿ ಸತ್ತದ್ದು ನಡೆಯಲ್ಲ ಅಂತ ಹೇಳಿದ್ದು ನಿಜ. ಶಾಲೆ ಬಿಟ್ಟದ್ದು ಸಾಲದು ಅಂದದ್ದೂ ನಿಜ. ಮನೆಗೆ ಹೋಗಿ ಇನ್ನೂ ಏನಾದ್ರೂ ಇದೆಯಾ ನೋಡು ಅಂದ್ರು.” ಚಿಕ್ಕವಳು ಒದ್ದೆ ಬಟ್ಟೆಯನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. “ಬಂದು ನೋಡಿದೆ. ನಾನು ಹಾಡಲ್ಲ, ಆಡಲ್ಲ. ಯಾವ ದೇಶನೂ ನೋಡಿಲ್ಲ. ನಮ್ಮನೇಲಿ ಇನ್ನೇನಿತ್ತು ಅಕ್ಕಾ? ನೀನೇ ಇದ್ದದ್ದು.”

“ಇದ್ದೆನಲ್ಲ. ಇದ್ದಹಾಗೇ ಬರೀಬೇಕಿತ್ತು.”

“ಇದ್ದಹಾಗೇ ಬರೆದಿದ್ದೆ ಮೊದಲು. ಚೆನ್ನಾಗಿದೆ, ಆದ್ರೆ ಕೊನೆ ಇಲ್ಲ ಅಂದ್ರು.”

ದೊಡ್ಡವಳು ತಂಗಿಯ ಕೈಯಿಂದ ಬಟ್ಟೆ ತೆಗೆದುಕೊಂಡು ಕೊಡವಿ ಹಗ್ಗಕ್ಕೆ ಹಾಕಿದಳು. ಅದು ದೊಡ್ಡವಳದೇ ಲಂಗ.

ಗುರುವಾರ ಅಮ್ಮ ಮಾತು ತೆಗೆದಳು. “ಭಾನುವಾರ ನೀನು ಚಿಕ್ಕಮ್ಮನ ಮನೆಗೆ ಹೋಗಿ ಬಾ. ನೋಡಿ ಬಹಳ ದಿನವಾಯ್ತು.”

“ಎಲ್ಲಿಗೂ ಹೋಗಲ್ಲ ಅವಳು,” ಎಂದಳು ಅಜ್ಜಿ ಮಂಚದಿಂದ. “ಅವಳ ಮನೆ ಇದು.”

“ನಾನೇನು ಶಾಶ್ವತವಾಗಿ ಹೋಗು ಅಂದ್ನಾ? ಒಂದೇ ಮಧ್ಯಾಹ್ನ!”

“ಅತ್ತೆಯಾಗಿ ನಾನು ನಿನಗೆ ಹೀಗೆ ಒಂದೇ ಮಧ್ಯಾಹ್ನ ಸಾಯಿ ಅಂದಿದ್ರೆ ಏನು ಮಾಡ್ತಿದ್ದೆ?”

“ನೀವು ಅನ್ನದೇ ಬಿಟ್ಟಿದ್ದೀರಾ?” ಎಂದುಬಿಟ್ಟಳು ಅಮ್ಮ. ಅಜ್ಜಿ ಆ ಕಡೆ ತಿರುಗಿ ಮಲಗಿದಳು.

“ಸೋಮವಾರ ಪುಸ್ತಕ ಒಪ್ಪಿಸಬೇಕು,” ಎಂದಳು ದೊಡ್ಡವಳು. “ಇನ್ನೂ ಎಂಬತ್ತು ಇವೆ. ಅಂಗಡಿಯಲ್ಲೇ ಕೂತು ಹೊಲೀತೀನಿ. ಶಟರ್ ಎಳೆದುಕೊಳ್ಳಿ, ನಡುಬಾಗಿಲು ಹಾಕ್ಕೊಳ್ಳಿ. ಹೊಲಿಗೆಗೆ ಸದ್ದಿಲ್ಲ.”

ಎಲ್ಲರೂ ಅವಳನ್ನು ನೋಡಿದರು. ಚಿಕ್ಕವಳು ಓಡಿಬಂದು ಅವಳ ತೋಳು ಹಿಡಿದುಕೊಂಡಳು. “ಒಂದೇ ದಿನ ಅಕ್ಕಾ. ಆಮೇಲೆ ಯಾರೂ ಕೇಳಲ್ಲ.”

“ಅವರು ಹೋದ ತಕ್ಷಣ ನಿನಗೆ ಬಡಿಸ್ತೀನಿ,” ಎಂದಳು ಅಮ್ಮ. “ಬಿಸಿ ಮಾಡಿ.”

ಅಜ್ಜಿ ಗೋಡೆಯ ಕಡೆಯಿಂದಲೇ ಹೇಳಿದಳು: “ನಾನು ಸುಳ್ಳು ಹೇಳಲ್ಲ. ಬಾಯಿ ಬಿಡಲ್ಲ, ಅಷ್ಟೇ. ಅದಕ್ಕಿಂತ ಹೆಚ್ಚು ನನ್ನ ಕೇಳಬೇಡಿ.”

ಭಾನುವಾರ ಅಮ್ಮ ಹೂವಿನ ಅಂಚಿನ ತಟ್ಟೆಗಳನ್ನು ಇಳಿಸಿದಳು. ಅಪ್ಪ, ಅಮ್ಮ, ಅಜ್ಜಿ, ಚಿಕ್ಕವಳು, ಬರುವವರು. ಐದು ತಟ್ಟೆ, ಐದು ಜನ. ದೊಡ್ಡವಳೇ ಅವನ್ನು ಒರೆಸಿ ಮೇಜಿನ ಮೇಲಿಟ್ಟು, ಅಂಗಡಿಗೆ ಹೋಗಿ ನಡುಬಾಗಿಲು ಹಾಕಿಕೊಂಡಳು. ಶಟರಿನ ಸಂದಿಯಿಂದ ಬರುವ ಬೆಳಕಿನ ಪಟ್ಟಿಯಲ್ಲಿ ಸ್ಟೂಲು ಹಾಕಿ ಕೂತು ದಾರಕ್ಕೆ ಮೇಣ ಉಜ್ಜಿದಳು.

ಹನ್ನೆರಡೂವರೆಗೆ ಅವರು ಬಂದರು. ಸೇತುವೆ ಕಟ್ಟುವ ಎಂಜಿನಿಯರ್ ಅಂತೆ; ದನಿ ಮಾತ್ರ ಶಾಲೆಯ ಟೀಚರ ಹಾಗೆ ಮೆತ್ತಗಿತ್ತು. ಬಾಗಿಲಿನ ಹಲಗೆ ತೆಳ್ಳಗಿದ್ದುದರಿಂದ ದೊಡ್ಡವಳಿಗೆ ಪ್ರತಿಯೊಂದು ಮಾತೂ ಕೇಳಿಸುತ್ತಿತ್ತು. ಚಿಕ್ಕವಳು ಯಾವ ವಿಷಯ ಓದುತ್ತಾಳೆ, ಚಳಿಗೆ ಏನು ಬಟ್ಟೆ ಬೇಕು, ಅಲ್ಲಿ ಅನ್ನ ಸಿಗುತ್ತದೆಯೇ. ನಗು ಕೂಡ ಬಂತು ಒಮ್ಮೆ. ಒಂದು ಪುಸ್ತಕ ಹೊಲಿದು ಮುಗಿಯಿತು, ಇನ್ನೊಂದು ಶುರುವಾಯಿತು.

“ಅಜ್ಜಿ ಏನೂ ಮಾತಾಡ್ತಿಲ್ಲ,” ಎಂದರು ಬಂದವರು.

“ಅಜ್ಜಿಗೆ ಕಿವಿ ಕೇಳಿಸಲ್ಲ,” ಎಂದಳು ಚಿಕ್ಕವಳು.

ದೊಡ್ಡವಳು ದಂಗಾದಳು. ಮೂರು ಮನೆ ಆಚೆ ಲೋಟ ಬಿದ್ದರೂ ಅಜ್ಜಿಗೆ ಕೇಳುತ್ತಿತ್ತು.

“ಕೇಳಬಾರದೇನೋ, ಆದ್ರೆ...” ಬಂದವರು ದನಿ ತಗ್ಗಿಸಿದರು. “ನಿಮ್ಮ ದೊಡ್ಡ ಮಗಳು. ಓದಿದಾಗಿಂದ ಮನಸ್ಸಲ್ಲೇ ಇದ್ದಾಳೆ. ಹೇಗಿದ್ದಳು ಅವಳು?”

ಸೌಟು ಪಾತ್ರೆಗೆ ತಗುಲಿದ ಸದ್ದು. ಅಮ್ಮ ಹೇಳಿದಳು: “ಮಾತು ಕಡಿಮೆ. ಮನೆಯಲ್ಲಿ ಇದ್ದದ್ದೇ ಗೊತ್ತಾಗ್ತಿರಲಿಲ್ಲ. ತಟ್ಟೆಗೆ ಹಾಕ್ಕೊಟ್ಟದ್ದನ್ನ ತಿಂತಿದ್ದಳು, ಇನ್ನಷ್ಟು ಬೇಕು ಅಂತ ಒಂದು ದಿನ ಕೇಳಿದವಳಲ್ಲ.”

ಅಮ್ಮನ ದನಿ ಒಡೆಯಿತು. ಸುಳ್ಳು ಅಳುವಲ್ಲ ಅದು. ದೊಡ್ಡವಳು ಹೊಲಿಗೆ ಬಿಟ್ಟು ಬಾಗಿಲಿಗೆ ಕಿವಿ ಕೊಟ್ಟಳು. ಅಮ್ಮ ನಿಜಕ್ಕೂ ಅಳುತ್ತಿದ್ದಳು. ತನಗಾಗಿ, ತಾನು ಇಲ್ಲಿ ಕೂತಿರುವಾಗಲೇ.

“ಕ್ಷಮಿಸಿ,” ಎಂದರು ಬಂದವರು. ಆಮೇಲೆ ಅಪ್ಪನಿಗೆ: “ನಿಮ್ಮ ಕೈ... ನಿಮ್ಮದೂ...?”

“ಅದೇ ಮೆಷಿನ್ನು,” ಎಂದ ಅಪ್ಪ. ಇಡೀ ಊಟದಲ್ಲಿ ಅವನು ಆಡಿದ ಮಾತು ಅದೊಂದೇ.

ಬಂದವರು ಚೀಲದಿಂದ ಏನನ್ನೋ ತೆಗೆದಂತೆ ಕೇಳಿಸಿತು. ಹೊಸ ಪುಸ್ತಕದ ಬೆನ್ನು ಬಿಚ್ಚಿಕೊಳ್ಳುವ ಸಣ್ಣ ಸದ್ದು ದೊಡ್ಡವಳಿಗೆ ಗೊತ್ತಾಗದೇ ಇರಲಿಲ್ಲ.

“ಕೇಂದ್ರದವರು ಕೊಟ್ಟರು. ನನಗೆ ಇದನ್ನ ಹೇಳಲೇಬೇಕು. ನಾನು ಕೆಲಸದಲ್ಲಿ ದಿನಾ ಜೋಡಣೆಗಳನ್ನೇ ನೋಡೋದು, ಯಾವುದು ಹಿಡಿಯತ್ತೆ, ಯಾವುದು ಬಿಡತ್ತೆ ಅಂತ. ಈ ಹೊಲಿಗೆ ನೋಡಿ, ಎಲ್ಲಿ ಬಿಚ್ಚಿದ್ರೂ ಪುಟ ಹಾಗೇ ಅಂಗಾತ ಮಲಗತ್ತೆ. ಒಂದೇ ಒಂದು ದಾರ ಸಡಿಲ ಇಲ್ಲ. ಇಂಥ ಕೈಯನ್ನ ನಾನು ಎಲ್ಲೂ ನೋಡಿಲ್ಲ. ಯಾರು ಹೊಲಿದದ್ದು ಇದನ್ನ?”

ಬಾಗಿಲಿನ ಈಚೆ ದೊಡ್ಡವಳು ಕಾದಳು. ಮೂರು ಬೆರಳಿನ ಕೈ ಸೂಜಿ ಹಿಡಿಯಲಾರದು. ಅದು ಬಂದವರಿಗೂ ಗೊತ್ತಾಗಿರಬೇಕು. ಅಪ್ಪ ಏನಾದರೂ ಹೇಳುತ್ತಾನೆ ಎಂದು ಕಾದಳು. ಕೆಲಸದವಳು ಎಂದರೂ ಸಾಕಿತ್ತು.

“ನಾನೇ,” ಎಂದಳು ಅಮ್ಮ. “ನಾನೇ ಹೊಲಿಯೋದು.”

ದೊಡ್ಡವಳು ಎದ್ದು ನಿಂತಳು. ತೊಡೆಯ ಮೇಲಿದ್ದ ಪುಸ್ತಕ ಜಾರಿ ಕೆಳಗೆ ಬಿತ್ತು. ಅವಳು ಚಿಲಕ ತೆಗೆದಳು. ಜೀವಮಾನದಲ್ಲಿ ಒಬ್ಬ ಗಿರಾಕಿಯ ಎದುರಿಗೂ ಬಾರದವಳು, ಬೆರಳಿಗೆ ಸುತ್ತಿಕೊಂಡ ಮೇಣದ ದಾರ, ದಾರದ ತುದಿಯಲ್ಲಿ ತೂಗುವ ಸೂಜಿ, ಹಾಗೆಯೇ ಬೆಳಕಿಗೆ ಬಂದು ನಿಂತಳು.

ಬಂದವರು ಪುಸ್ತಕ ಹಿಡಿದುಕೊಂಡೇ ತಿರುಗಿ ನೋಡಿದರು. ಮೊದಲು ಅವಳ ಮುಖ, ಆಮೇಲೆ ಸೂಜಿ, ಆಮೇಲೆ ಚಿಕ್ಕವಳ ಮುಖ. ಎರಡೂ ಒಂದೇ ಅಚ್ಚಿನವು. ಚಿಕ್ಕವಳ ಕೈ ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತ್ತು. ಅಪ್ಪ ಕೈಯನ್ನು ಮೇಜಿನ ಕೆಳಗೆ ಎಳೆದುಕೊಂಡ. ಅಜ್ಜಿ ಅಗಿಯುವುದನ್ನು ನಿಲ್ಲಿಸಿದಳು.

ದೊಡ್ಡವಳು ಮೇಜನ್ನು ನೋಡಿದಳು. ಐದು ತಟ್ಟೆ.

“ಅಮ್ಮಾ,” ಎಂದಳು, “ನನಗೂ ಒಂದು ತಟ್ಟೆ ಹಾಕು.”

ಅಮ್ಮನ ಕೈಯ ಸೌಟಿನಿಂದ ಬೇಳೆ ಮೇಜಿನ ಮೇಲೆ ತೊಟ್ಟಿಕ್ಕುತ್ತಲೇ ಇತ್ತು.